ಕ್ಯಾಮೆರಾ ನಿಕಾನ್, ಸೆನ್ಸಾರ್ ಯಾರದು?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ನಿಕಾನ್ ಡಿ7000 ಕೊಳ್ಳಬೇಕೆಂದಿದ್ದೇನೆ. ‘ಎಲ್ಲ ಕ್ಯಾಮೆರಾದೊಳಗೂ ಸೋನಿ ಸೆನ್ಸಾರೇ ಇರೋದು, ಯಾವುದಾದ್ರೂ ಒಂದೇ’ ಅಂತಾನೆ ಗೆಳೆಯ. ನಿಜವೇ? ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನು ರಾತ್ರಿ ಹೊತ್ತು ತೆಗೆಯುವ ಆಸೆ.
– ಓದುಗರೊಬ್ಬರು, ವಿಜಯನಗರ

ಉತ್ತರ: ಡಿ7000 ಮಟ್ಟಿಗೆ ನಿಮ್ಮ ಗೆಳೆಯರ ಮಾತು ನಿಜ. 2010ರಲ್ಲಿ ಬಂದ ಅದರೊಳಗಿರುವುದು ಸೋನಿ ತಯಾರಿಸಿದ 16 ಮೆಗಾಪಿಕ್ಸೆಲ್ ಸೆನ್ಸಾರ್, ಅಂದರೆ ಲೆನ್ಸಿನಿಂದ ಬಂದ ಬೆಳಕನ್ನು ಚಿತ್ರವಾಗಿಸುವ ಚಿಪ್. ಆದರೆ ಎಲ್ಲದರಲ್ಲೂ ಸೋನಿ ಅನ್ನೋದು ತಪ್ಪು. ಅದರ ನಂತರ ಬಂದ ಡಿ7100ದಲ್ಲೇ ತೋಷಿಬಾ ಸೆನ್ಸಾರ್ ಇದೆ. ಕ್ಯಾನನ್ 2000ದ ಡಿ30ಯಿಂದಲೂ ತನ್ನ ಎಸ್‌ಎಲ್‌ಆರ್‌ಗಳ (ಒಳಗೆ ಕನ್ನಡಿಯಿರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾಗಳ) ಸಿಮಾಸ್ ಬಗೆಯ ಸೆನ್ಸಾರ್ ತಾನೇ ಮಾಡಿಕೊಳ್ಳುತ್ತಿದೆ. ಲೈಕಾ ಎಂ9ರದ್ದು ಕೊಡಾಕ್. ಹಾಗಂತ ಸೋನಿಯ ಪಾಲು ಸಣ್ಣದಲ್ಲ. 2016ರ ಏಪ್ರಿಲ್‌ನಲ್ಲಿ ಜಪಾನಿನ ಕುಮಾಮೊಟೊದಲ್ಲಿ ಭೂಕಂಪವಾಗಿ ಅವರ ಕಾರ್ಖಾನೆ ನಿಂತಾಗ ಬೇರೆ ಕಂಪನಿಗಳ ಕ್ಯಾಮೆರಾಗಳೂ ತಡವಾದವು.

ಇನ್ನು ‘ಯಾವುದಾದ್ರೂ ಒಂದೇ’ ಅನ್ನುವ ಮಾತು. ಇದನ್ನು ಮಾತ್ರ ನಾನು ಒಪ್ಪಲ್ಲ. ಮಲ್ಲೇಶ್ವರದ ನನ್ನ ರಿಪೇರಿ ಮೇಜಿನ ಮೇಲೆ ಹೋದ ತಿಂಗಳು ಒಂದು ಡಿ7000, ಒಂದು ಪೆಂಟಾಕ್ಸ್ ಕೆ-5 ಅಕ್ಕಪಕ್ಕ ಬಿಚ್ಚಿಕೊಂಡು ಕೂತಿದ್ದವು. ಎರಡಕ್ಕೂ ಸೆನ್ಸಾರ್ ಬಂದಿರೋದು ಸೋನಿಯಿಂದಲೇ. ನಿಕಾನ್‌ನಲ್ಲಿ ಅದು ಸ್ಕ್ರೂ ಹಾಕಿ ಅಲುಗದಂತೆ ಕೂತಿದೆ. ಪೆಂಟಾಕ್ಸ್‌ನಲ್ಲಿ ಬೆರಳ ತುದಿ ತಾಗಿದರೂ ತಟ್ಟೆ ಸಮೇತ ಮೆಲ್ಲಗೆ ಜಾರುತ್ತದೆ. ಕೈ ನಡುಗಿದರೆ ಸೆನ್ಸಾರೇ ಸರಿದು ಅದನ್ನು ಸರಿದೂಗಿಸಲಿ ಅಂತ ಈ ಏರ್ಪಾಡು. ರಾತ್ರಿ ನಿಧಾನದ ಶಟರ್‌ನಲ್ಲಿ ಕಡಲೆಕಾಯಿ ರಾಶಿ ತೆಗೆಯಲು ಇದು ಅನುಕೂಲ. ಆದರೆ ಸೇರಿನಲ್ಲಿ ಅಳೆದು ಸುರಿಯುವ ಅಜ್ಜಿಯ ಕೈ ನಿಲ್ಲಲ್ಲ ಅಲ್ವಾ? ಅದಕ್ಕೆ ಬೇಕಾದ್ದು ವೇಗದ ಶಟರ್, ಜಾಸ್ತಿ ಬೆಳಕು ಬಿಡುವ ಲೆನ್ಸ್. ನಿಕಾನ್ ಹಳೇ ಲೆನ್ಸ್‌ಗಳು ನಮ್ಮೂರಲ್ಲಿ ಸುಲಭವಾಗಿ ಸಿಗುತ್ತವೆ. ಡಿ7000 ತಗೊಳ್ಳಿ, ಜೊತೆಗೆ ಹೀಗೆ ಜಾಸ್ತಿ ಬೆಳಕು ಬಿಡುವ ಎಫ್1.8ರ 35 ಎಂಎಂ ಲೆನ್ಸ್ ಇರಲಿ.

ದುಡ್ಡು ಕೊಡುವ ಮೊದಲು ಸೆನ್ಸಾರ್ ನೋಡಲೇಬೇಕು. ಲೆನ್ಸಿನ ಕಿಂಡಿಯನ್ನು ಎಫ್16ಕ್ಕೆ ಕಿರಿದು ಮಾಡಿ, ಫೋಕಸ್ ತಪ್ಪಿಸಿ, ಬಿಳಿ ಗೋಡೆಯದೊಂದು ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಮಸುಕಾದ ಕಪ್ಪು ಚುಕ್ಕೆ ಕಂಡರೆ ಧೂಳು, ಹೆದರಬೇಡಿ. ಗೆರೆ ಕಂಡರೆ ಬೇಡವೇ ಬೇಡ. ಒಬ್ಬ ಹುಡುಗ ತಂದ ಕ್ಯಾಮೆರಾದಲ್ಲಿ ಯಾರೋ ಕರ್ಚೀಫಿನಿಂದ ಒರೆಸಿ, ಸೆನ್ಸಾರ್ ಮೇಲಿನ ಗಾಜಿಗೆ ಕೂದಲೆಳೆಯಷ್ಟು ಗೀರು ಬಿದ್ದಿತ್ತು. ಅವನು ಆರು ತಿಂಗಳು ಕೂಡಿಟ್ಟ ದುಡ್ಡು ಅದು. ನನಗೆ ಇವತ್ತಿಗೂ ಸಂಕಟ. ಕೊನೆಗೆ ಲೆನ್ಸ್ ಮುಚ್ಚಳ ಹಾಕಿ, 30 ಸೆಕೆಂಡಿನ ಒಂದು ಚಿತ್ರ ತೆಗೆಯಿರಿ. ಕತ್ತಲಲ್ಲಿ ಕೆಂಪು, ನೀಲಿ ಚುಕ್ಕೆ ರಾಶಿ ಕಂಡರೆ ಬೇರೆ ಕ್ಯಾಮೆರಾ ಹುಡುಕಿ. ಪರಿಷೆ ನಡೆಯುವ ಕಾರ್ತಿಕದ ಕೊನೇ ಸೋಮವಾರಕ್ಕೆ ಇನ್ನೂ ಸಮಯವಿದೆ.