ಅಮ್ಮನ ಕಣ್ಣಿಗೆ ಅಣಬೆ ಪುಡಿ ಕೊಡ್ತಿರೋ ಶಿರಸಿಯ ತಮ್ಮನಿಗೆ

ತಮ್ಮಾ, ನಿಮ್ಮ ಪೋಸ್ಟ್ ಬೆಳಿಗ್ಗೆ ನೋಡಿದೆ. ಆಗಿನಿಂದ ಕೊಟ್ಟಿಗೆ ಕೆಲಸದಲ್ಲೂ ಅದೇ ತಲೇಲಿ. ಅಮ್ಮನಿಗೆ 72, ಎಡಗಣ್ಣಲ್ಲಿ ಮ್ಯಾಕ್ಯುಲಾ, ಅಂದ್ರೆ ಕಣ್ಣಿನ ಹಿಂಬದಿ ಪರದೆಯ ನಡುಭಾಗ, ಸವೆದಿದೆ ಅಂದಿದ್ದಾರೆ, ರಕ್ತದಲ್ಲಿ ವಿಟಮಿನ್ ಡಿ 11 ಬಂದಿದೆ, ತುಂಬ ಕಮ್ಮಿ. ಹಾಗಾಗಿ ನಿಮ್ಮದೇ ಬೆಡ್ಡಿನ ಚಿಪ್ಪಣಬೆ ಒಣಗಿಸಿ ಪುಡಿ ಕೊಡ್ತಿದ್ದೀರಿ, ಜೊತೆಗೆ 60,000 ಯೂನಿಟ್ ವಿಟಮಿನ್ ಡಿ ಇರೋ ಸ್ಯಾಶೆ (ಪುಡಿ ಪೊಟ್ಟಣ) ದಿನ ಬಿಟ್ಟು ದಿನ, ರೆಟಿನಾ (ಕಣ್ಣಿನ ಪರದೆ) ಡಾಕ್ಟ್ರ ಹತ್ರ 'ಡಿ ಸರಿಯಾದ ಮೇಲೆ ಹೋಗೋಣ ಅಂತಿದ್ದೀವಿ' ಅಂತ ಬರೆದಿದ್ದೀರಿ. ಕೆಳಗೆ ಎಲ್ರೂ ಕೈ ಮುಗಿದು ಪುಡಿ ಮಾಡೋ ವಿಧಾನ ಕೇಳ್ತಿದ್ದಾರೆ. ವಿಧಾನ ನಾನು ಹೇಳ್ತೀನಿ, ನಾಲ್ಕೈದು ವರ್ಷದಿಂದ ಮಾಡ್ತಿದ್ದೀನಿ. ಆದ್ರೆ ಆ 'ಆಮೇಲೆ ಹೋಗೋಣ' ಇದೆಯಲ್ಲ, ಅದನ್ನ ಇವತ್ತೇ ಬಿಡಿ. ನಾನೂ ಇದೇ ಮಾತು ಹೇಳಿಕೊಂಡು ನಾಲ್ಕು ತಿಂಗಳು ಕಳೆದೆ. ನಮ್ಮಮ್ಮನ ಎಡಗಣ್ಣಿನ ನಡುನೋಟ ಆ ನಾಲ್ಕು ತಿಂಗಳಲ್ಲೇ ಹೋಯ್ತು.

ನಮ್ಮಲ್ಲಿ ಹೇಗಾಯ್ತು ಹೇಳ್ತೀನಿ. ಅಮ್ಮನಿಗೆ ಡ್ರೈ ಎಎಂಡಿ, ಅಂದ್ರೆ ವಯಸ್ಸಾದಂತೆ ಮ್ಯಾಕ್ಯುಲಾ ಸವೆಯೋ ಕಾಯಿಲೆಯ ಒಣ ಬಗೆ, ಇದೆ ಅಂತ ಮೊದಲೇ ಗೊತ್ತಿತ್ತು. ಡಿ 9 ಬಂತು. ಎಲ್ಲೋ ಓದಿದೆ, ಡಿ ಕಮ್ಮಿ ಇದ್ದವರಿಗೆ ಈ ಕಾಯಿಲೆ ಹೆಚ್ಚು ಅಂತ. ಓದಿದವನಿಗೆ ದಾರಿ ಸಿಕ್ಕಿತು ಅನ್ನಿಸ್ತು, ಮನೇಲೇ ಅಣಬೆ ಬೇರೆ ಇದೆ. ಪುಡಿ, ಸ್ಯಾಶೆ ಶುರು ಮಾಡಿದೆ. ಒಂದಿನ ಅಮ್ಮ ನಡುಮನೆಯಲ್ಲಿ ಕೂತು, 'ದೇವರ ಕೋಣೆ ಬಾಗಿಲ ದಾರಂದ ಉಬ್ಬಿದೆ ಕಣೋ, ಗೆದ್ದಲು ಹಿಡಿದಿರಬೇಕು ನೋಡು' ಅಂದ್ರು. ನಾನು ದಾರಂದ ಬಡಿದು ನೋಡಿದೆ, ಗಟ್ಟಿಯಾಗೇ ಇತ್ತು. ಆದ್ರೂ ಹಳೇ ಮರ, ಯಾವುದಕ್ಕೂ ಇರಲಿ ಅಂತ ಸೂಜಿಯಲ್ಲಿ ಗೆದ್ದಲಿನ ಔಷಧಿ ಬಿಟ್ಟೆ. ವಾರ ಬಿಟ್ಟು ಮತ್ತೆ ಅದೇ ಮಾತು, 'ಇನ್ನೂ ಸೊಟ್ಟಗೇ ಇದೆಯಲ್ಲೋ'. ದಾರಂದ ನೆಟ್ಟಗಿತ್ತು. ಸೊಟ್ಟ ಕಾಣ್ತಿದ್ದದ್ದು ಅಮ್ಮನ ಕಣ್ಣಿಗೆ. ನೇರ ಗೆರೆ ಬಾಗಿದ ಹಾಗೆ ಕಂಡ್ರೆ ಡ್ರೈ ಇದ್ದದ್ದು ವೆಟ್ ಆಗ್ತಿದೆ ಅಂತ ಅನುಮಾನ ಪಡಬೇಕು. ಮ್ಯಾಕ್ಯುಲಾ ಕೆಳಗೆ ಹೊಸ ರಕ್ತನಾಳ ಹುಟ್ಟಿ ನೀರು ಸೋರುತ್ತೆ, ರಕ್ತ ಒಸರುತ್ತೆ. ನಮಗೆ ಕಣ್ಣಿನ ಪರದೆಯ ಪದರ ತೋರಿಸೋ ಓಸಿಟಿ ಸ್ಕ್ಯಾನ್ ಆಗೋ ಹೊತ್ತಿಗೆ ಕಲೆ ಕಟ್ಟಿತ್ತು. ತಿಂಗಳಿಗೊಂದರಂತೆ ಕಣ್ಣಿಗೇ ಮೂರು ಇಂಜೆಕ್ಷನ್ ಆಯ್ತು, ನೀರು ಇಳೀತು, ನೋಟ ತಿರುಗಿ ಬರಲಿಲ್ಲ. ಈಗ ಮೊಮ್ಮಗಳ ಮುಖವನ್ನ ಬಲಗಣ್ಣಲ್ಲೇ ನೋಡ್ತಾರೆ.

ಈಗ ಡಿ ವಿಷಯ. ಡಿ ಕಮ್ಮಿ ಇದ್ದವರಲ್ಲಿ ಎಎಂಡಿ ಜಾಸ್ತಿ ಕಂಡಿದೆ ಅನ್ನೋದು ಸುಳ್ಳಲ್ಲ. ಅಮೆರಿಕದ 2007ರ ಒಂದು ಲೆಕ್ಕದಲ್ಲಿ ಶುರುವಿನ ಹಂತದ ಎಎಂಡಿಗೆ ಹಾಗೇ ಬಂದಿತ್ತು. 2011ರಲ್ಲಿ ಹೆಂಗಸರನ್ನ ನೋಡಿದ ಅಧ್ಯಯನದಲ್ಲಿ 75ರ ಒಳಗಿನವರಲ್ಲಿ ಕಂಡಿತು, 75 ದಾಟಿದವರಲ್ಲಿ ಆ ಲಾಭ ಕಾಣಲಿಲ್ಲ. ಆದ್ರೆ ಇದೆಲ್ಲ ಜೊತೆಜೊತೆಗೆ ಇದ್ದದ್ದನ್ನ ಎಣಿಸಿದ್ದು, ಯಾವುದರಿಂದ ಯಾವುದು ಬಂತು ಅಂತ ಅದರಿಂದ ಗೊತ್ತಾಗಲ್ಲ. ನಿಮ್ಮ ಅಮ್ಮನನ್ನೇ ನೋಡಿ. ಕಣ್ಣು ಮಂಜಾದ ಮೇಲೆ ಅಂಗಳಕ್ಕೆ ಇಳಿಯೋದು ನಿಂತಿರುತ್ತೆ, ತೋಟದ ಕಡೆ ಕಾಲೇ ಹಾಕಿರಲ್ಲ. ಬಿಸಿಲು ಬೀಳದೆ ಡಿ ಇಳಿದಿರುತ್ತೆ. ಕಣ್ಣು ಕೆಟ್ಟದ್ದಕ್ಕೆ ಡಿ ಇಳಿದಿರಬಹುದು, ಡಿ ಇಳಿದದ್ದಕ್ಕೇ ಕಣ್ಣು ಕೆಟ್ಟಿತು ಅಂತ ಹೇಗೆ ಹೇಳ್ತೀರಿ?

ಕೊಟ್ಟು ನೋಡಿದ ಪ್ರಯೋಗವೂ ಆಗಿದೆ. ವೈಟಲ್ ಅಂತ ಅಮೆರಿಕದ ದೊಡ್ಡ ಪ್ರಯೋಗ, 25,871 ಜನ. ಅರ್ಧ ಜನಕ್ಕೆ ದಿನಾ 2000 ಯೂನಿಟ್ ಡಿ3 (ವಿಟಮಿನ್ ಡಿಯ ಒಂದು ಬಗೆ), ಉಳಿದವರಿಗೆ ಔಷಧಿ ಇಲ್ಲದ ಬರೀ ಮಾತ್ರೆ. ಐದು ವರ್ಷದ ಮೇಲೆ ನೋಡಿದ್ರು. 2020ರಲ್ಲಿ ಕಣ್ಣಿನ ಫಲಿತಾಂಶ ಬಂತು. ಎಎಂಡಿ ಬರೋದೂ ಕಮ್ಮಿಯಾಗಲಿಲ್ಲ, ಇದ್ದದ್ದು ಮುಂದುವರಿಯೋದೂ ನಿಲ್ಲಲಿಲ್ಲ. ಒಂದು ಮಾತು ಸೇರಿಸಬೇಕು, ಅಲ್ಲಿ ಸೇರಿದವರಲ್ಲಿ ಬಹಳಷ್ಟು ಜನಕ್ಕೆ ಡಿ ಮೊದಲೇ ಕಮ್ಮಿ ಇರಲಿಲ್ಲ. 11 ಇರೋವ್ರಿಗೆ ಏನಾಗುತ್ತೆ ಅಂತ ಅದು ನೇರವಾಗಿ ಹೇಳಲ್ಲ. ಹಾಗಂತ 11 ಇರೋ ಕಣ್ಣನ್ನ ಸ್ಕ್ಯಾನ್ ಇಲ್ಲದೆ ಕಾಯಿಸೋಕೆ ಅದು ಕಾರಣ ಆಗಲ್ಲ.

11 ಅನ್ನೋದನ್ನ ಸರಿಮಾಡಲೇಬೇಕು. ಆದ್ರೆ ಅದು ಮೂಳೆಗೆ, ಸ್ನಾಯುವಿಗೆ. ಕಣ್ಣು ಕಾಣದವರು ಬೀಳೋದೇ ಹೆಚ್ಚು, ಬಿದ್ರೆ ಸೊಂಟ. ಅದಕ್ಕೆ ಕೊಡಿ, ಖಂಡಿತ ಕೊಡಿ. ಆದ್ರೆ ದಿನ ಬಿಟ್ಟು ದಿನ 60,000 ಕೊಡಿ ಅಂದವರು ಯಾರು? ಅದು ಸಾಮಾನ್ಯವಾಗಿ ವಾರಕ್ಕೊಂದು, ಎಂಟು ವಾರ ಬರೆದುಕೊಡೋದು. ಬೇಗ ಏರಲಿ ಅಂತ ಮೂರು ಪಟ್ಟು ಮಾಡಿದ್ರೆ ಕ್ಯಾಲ್ಸಿಯಂ ಏರುತ್ತೆ. ಬಾಯಾರಿಕೆ, ಮಲಬದ್ಧತೆ, ವಾಂತಿ, ಮಂಕು ಶುರುವಾಗುತ್ತೆ, ಕಿಡ್ನಿಗೆ ಹೊಡೆತ ಬೀಳುತ್ತೆ. ವಯಸ್ಸಾದವರಲ್ಲಿ ಇದನ್ನೆಲ್ಲ 'ವಯಸ್ಸಾಯ್ತು' ಅಂತ ಬಿಟ್ಟುಬಿಡ್ತೀವಿ. ನಿಮ್ಮಮ್ಮ ಈಗಾಗಲೇ ಎಷ್ಟು ವಾರ ತಗೊಂಡಿದ್ದಾರೆ ಬರೆದಿಲ್ಲ. ಸ್ಯಾಶೆ ನಿಲ್ಲಿಸಿ, ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಕಿಡ್ನಿ ನೋಡೋದು), ಡಿ, ಈ ಮೂರೂ ರಕ್ತಪರೀಕ್ಷೆ ಮಾಡಿಸಿ. ಒಟ್ಟಿಗೆ ಸುರಿದ್ರೆ ಮೂಳೆಗೂ ಒಳ್ಳೇದಲ್ಲ. ಆಸ್ಟ್ರೇಲಿಯಾದಲ್ಲಿ 70 ದಾಟಿದ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಒಂದೇ ಸಲ ಕೊಟ್ಟು ನೋಡಿದ್ರು, 2010ರಲ್ಲಿ ಫಲಿತಾಂಶ ಬಂತು. ಬೀಳೋದೂ ಮೂಳೆ ಮುರಿಯೋದೂ ಜಾಸ್ತಿ ಆಗಿತ್ತು. ಯಾವ ಬ್ರ್ಯಾಂಡು ಒಳ್ಳೇದು ಅಂತ ಒಬ್ರು ಕೇಳಿದ್ದಾರೆ. ಕ್ಯಾಲ್ಸಿರಾಲ್ ಸ್ಯಾಶೆ ಆಗಲಿ ಅಪ್‌ರೈಸ್ ಕ್ಯಾಪ್ಸೂಲ್ ಆಗಲಿ, ಒಳಗಿರೋದು ಅದೇ ಕೊಲೆಕ್ಯಾಲ್ಸಿಫೆರಾಲ್, ಅಂದ್ರೆ ಡಿ3, 60,000 ಯೂನಿಟ್. ಹೆಸರಿಗೆ ಜಗಳ ಬೇಡ. ಊಟದ ಜೊತೆ ತಗೊಳ್ಳಿ, ತುಪ್ಪ ಎಣ್ಣೆ ಇದ್ರೆ ಚೆನ್ನಾಗಿ ಹೀರುತ್ತೆ.

ಇನ್ನು ಪುಡಿ. ಇಲ್ಲೂ ನಿಮ್ಮ ಫೋಟೋದಲ್ಲಿ ತಪ್ಪಿದೆ. ನೀವು ಅಡಿಕೆ ಡ್ರೈಯರಿನಲ್ಲಿ ಒಣಗಿಸಿದ್ದೀರಿ. ಡ್ರೈಯರಿನಲ್ಲಿ ಡಿ ಹುಟ್ಟಲ್ಲ, ಅಲ್ಲಿರೋದು ಬಿಸಿ ಮಾತ್ರ. ಅಣಬೆಯಲ್ಲಿರೋ ಎರ್ಗೋಸ್ಟೆರಾಲ್ ಅನ್ನೋ ಅಂಶ ಡಿ2 (ವಿಟಮಿನ್ ಡಿಯ ಇನ್ನೊಂದು ಬಗೆ) ಆಗೋಕೆ ಬಿಸಿಲಿನ ಯುವಿಬಿ ಕಿರಣ ಬೀಳಲೇಬೇಕು. ಗಾಜಿನ ಹಿಂದೆ ಇಟ್ರೆ ಬೀಳಲ್ಲ, ಯುವಿ ತಡೆಯೋ ಪಾಲಿಶೀಟಿನ ಸೋಲಾರ್ ಡ್ರೈಯರಿನಲ್ಲೂ ಹಾಗೇ. ನಾನು ಮಾಡೋದು ಹೀಗೆ. ಬೆಳಿಗ್ಗೆ ಕಿತ್ತ ಅಣಬೆ ತೊಳೆಯಲ್ಲ, ತೊಟ್ಟು ತೆಗೆದು ಕೈಯಲ್ಲೇ ಉದ್ದಕ್ಕೆ ಸೀಳ್ತೀನಿ. ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಿಗೆ ಬಿದಿರಿನ ತಟ್ಟಿ ಮೇಲೆ ಬಿಳೀ ಪಂಚೆ ಹಾಸಿ, ಗಿಲ್ಸ್ (ಅಣಬೆಯ ಅಡಿಯ ಎಳೆಎಳೆ ಪದರ) ಮೇಲೆ ಬರೋ ಹಾಗೆ ಒಂದೊಂದಾಗಿ ಹರಡ್ತೀನಿ. ಒಂದರ ಮೇಲೊಂದು ಬೀಳಬಾರದು, ನೆರಳು ಬಿದ್ದಲ್ಲಿ ಕೆಲಸ ನಡೆಯಲ್ಲ. ನೊಣಕ್ಕೆ ತೆಳ್ಳಗಿನ ಸೊಳ್ಳೆಪರದೆ ಸಾಕು, ಶೇಡ್‌ನೆಟ್ ಬೇಡವೇ ಬೇಡ. ಎರಡು ಗಂಟೆ ನೆಟ್ಟ ಬಿಸಿಲು ಸಿಕ್ಕಿದ್ರೆ ಮುಖ್ಯ ಕೆಲಸ ಆದ ಹಾಗೆ, ಆಮೇಲೆ ಬೇಕಾದ್ರೆ ಡ್ರೈಯರಿಗೆ ಹಾಕಿ. ಮುರಿದ್ರೆ ಹಪ್ಪಳದ ಹಾಗೆ ಪಟ್ ಅನ್ನಬೇಕು, ಬಾಗಿದ್ರೆ ಇನ್ನೂ ನೀರಿದೆ, ಬೂಸ್ಟು ಬರುತ್ತೆ. ಹಸಿ 1 ಕೆಜಿಗೆ ಒಣಗಿದ್ದು 100 ಗ್ರಾಂ ಆಸುಪಾಸು. ಗಾಜಿನ ಭರಣಿಯಲ್ಲಿ ಬಿಗಿಯಾಗಿ ಮುಚ್ಚಿ ಕತ್ತಲಲ್ಲಿಡಿ. ಮಳೆಗಾಲದಲ್ಲಿ ಇದು ಆಗಲ್ಲ, ಫೆಬ್ರವರಿ ಮಾರ್ಚಲ್ಲೇ ವರ್ಷಕ್ಕಾಗೋಷ್ಟು ಮಾಡಿಕೊಳ್ಳಿ. ಕೊಠಡಿಯಲ್ಲಿ ಕೀಳೋವಾಗ ಮಾಸ್ಕ್ ಹಾಕಿ. ಚಿಪ್ಪಣಬೆ ತಡವಾಗಿ ಕಿತ್ರೆ ಬೀಜಾಣು ಹಾರುತ್ತೆ, ಎದೆ ಕಟ್ಟಿ ಕೆಮ್ಮು ಬರುತ್ತೆ. ಅಮ್ಮನ ಕೈಲಂತೂ ಕೀಳಿಸಬೇಡಿ.

ಇಷ್ಟು ಮಾಡಿದ್ರೂ ಎಷ್ಟು ಡಿ ಬಂತು ಅಂತ ಖಚಿತ ಇಲ್ಲ. ನಡುಮಧ್ಯಾಹ್ನದ ಬಿಸಿಲು ಕಂಡ 100 ಗ್ರಾಂ ಹಸಿ ಅಣಬೆಯಲ್ಲಿ ಸಾಮಾನ್ಯವಾಗಿ 10 ಮೈಕ್ರೋಗ್ರಾಂ, ಅಂದ್ರೆ 400 ಯೂನಿಟ್ ದಾಟುತ್ತೆ. ಬಿಸಿಲು, ಸೀಳಿದ ರೀತಿ ನೋಡಿ ಹೆಚ್ಚುಕಮ್ಮಿ ಆಗುತ್ತೆ. ಡಿ2, ಡಿ3ಯಷ್ಟು ಚೆನ್ನಾಗಿ ಲೆವೆಲ್ ಏರಿಸಲ್ಲ. ಸರಿಯಾದ ಮೇಲೆ ಕಾಪಾಡಿಕೊಳ್ಳೋಕೆ ಪುಡಿ ಒಳ್ಳೇದು, 11ರಿಂದ ಎತ್ತೋಕೆ ಅದನ್ನ ನಂಬಬೇಡಿ.

ಕೆಳಗೊಬ್ರು ಉದಯಸೂರ್ಯನನ್ನ ಕಣ್ಣಿಟ್ಟು ನೋಡಿಸಿ, ಡಿ ನೇರ ಕಣ್ಣಿಗೇ ಹೋಗುತ್ತೆ ಅಂತ ಬರೆದಿದ್ದಾರೆ. ದಯವಿಟ್ಟು ಅದನ್ನ ಅಳಿಸಿ. ಡಿ ಹುಟ್ಟೋದು ಚರ್ಮದಲ್ಲಿ. ಸೂರ್ಯನನ್ನ ದಿಟ್ಟಿಸಿದ್ರೆ ಸುಡೋದು ಇದೇ ಮ್ಯಾಕ್ಯುಲಾ. ಕೈಕಾಲಿಗೆ ಬಿಸಿಲು ಬೀಳಲಿ, ಮುಖಕ್ಕೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ ಇರಲಿ.

ಕಣ್ಣಿಗೆ ನಿಜವಾಗಿ ಆಧಾರ ಇರೋ ಮಾತ್ರೆ ಬೇರೆ, ಎಆರ್‌ಇಡಿಎಸ್2 ಅನ್ನೋ ಕಣ್ಣಿನ ಪ್ರಯೋಗದ ಲೆಕ್ಕದ್ದು. ವಿಟಮಿನ್ ಸಿ 500 ಮಿಗ್ರಾಂ, ಇ 400 ಯೂನಿಟ್, ಸತು 80, ತಾಮ್ರ 2, ಲ್ಯೂಟೀನ್ 10, ಜಿಯಾಕ್ಸಾಂಥಿನ್ 2 ಮಿಗ್ರಾಂ (ಕೊನೆಯ ಎರಡು ಗಿಡಗಳಲ್ಲಿರೋ ಹಳದಿ ಬಣ್ಣದ ಅಂಶ). ಅದರಲ್ಲಿ ಡಿ ಇಲ್ಲ, ನೋಡಿ. ಅದೂ ಮಧ್ಯಮ ಹಂತದವರಿಗೆ, ಅಥವಾ ಒಂದು ಕಣ್ಣು ಆಗಲೇ ಹೋದವರ ಇನ್ನೊಂದು ಕಣ್ಣಿಗೆ. 2001ರ ಮೊದಲ ಪ್ರಯೋಗದಲ್ಲಿ ಇಂಥವರಲ್ಲಿ ಐದು ವರ್ಷಕ್ಕೆ ಮುಂದಿನ ಹಂತಕ್ಕೆ ಹೋಗೋ ಅಪಾಯ ಸುಮಾರು ನಾಲ್ಕನೇ ಒಂದು ಭಾಗ ಇಳಿದಿತ್ತು. ಹೋದ ನೋಟ ತರಲ್ಲ. ಅಂಗಡಿಯವ್ರು 'ಕಣ್ಣಿನ ಮಾತ್ರೆ' ಅಂತ ಕೊಟ್ಟದ್ದನ್ನ ತರಬೇಡಿ, ಹಿಂಬದಿ ಓದಿ. ನಾನು ತಿರುವಿ ನೋಡಿದ ನಾಲ್ಕು ಡಬ್ಬಿಯಲ್ಲಿ ಎರಡರಲ್ಲಿ ತಾಮ್ರವೇ ಇರಲಿಲ್ಲ. ಸತು ಮಾತ್ರ ಹೆಚ್ಚಾಗಿ ತಿಂದ್ರೆ ತಾಮ್ರ ಇಳಿದು ರಕ್ತಹೀನತೆ ಬರುತ್ತೆ. ಬೀಡಿ ಸಿಗರೇಟು ಸೇದೋವ್ರು ಬೀಟಾ ಕ್ಯಾರೋಟಿನ್ ಇರೋ ಹಳೇ ಲೆಕ್ಕದ್ದು ಮುಟ್ಟಬಾರದು, ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಏರುತ್ತೆ. ಅಪ್ಪ ಮನೇಲಿ ಬೀಡಿ ಸೇದ್ತಿದ್ರೆ ಜಗಲಿಯಿಂದ ಆಚೆ ಕಳಿಸಿ, ಈ ಕಾಯಿಲೆಗೆ ಹೊಗೆ ದೊಡ್ಡ ಶತ್ರು.

ಹರಿವೆ, ಬಸಳೆ, ನುಗ್ಗೆಸೊಪ್ಪು ಲ್ಯೂಟೀನಿಗೆ ಒಳ್ಳೇದು, ಎಣ್ಣೆ ಒಗ್ಗರಣೆ ಬಿದ್ರೆ ಇನ್ನೂ ಒಳ್ಳೇದು. ಗುಂಡ್ಲುಪೇಟೆ ಕಡೆ ಕಂಪನಿಗೆ ಬೆಳೆಯೋ ಚೆಂಡುಹೂವಿಂದ ತೆಗೆಯೋದೂ ಇದೇ ಲ್ಯೂಟೀನು. ಅಮ್ಮ ರಕ್ತ ತೆಳುವಾಗೋಕೆ ವಾರ್ಫರಿನ್ ತಗೊಳ್ತಿದ್ರೆ ಸೊಪ್ಪನ್ನ ದಿಢೀರ್ ಹೆಚ್ಚಿಸಬೇಡಿ, ಕೇಳಿ ಕೊಡಿ.

ಮನೇಲಿ ಪರೀಕ್ಷೆ ಹೀಗೆ. ಚೌಕ ಚೌಕ ಮನೆ ಇರೋ ಗಣಿತದ ಪಟ್ಟಿಯ ಹಾಳೆ ತಗೊಂಡು ನಡುವೆ ಕಪ್ಪು ಚುಕ್ಕಿ ಇಡಿ. ಓದೋ ಕನ್ನಡಕ ಹಾಕಿಸಿ, ಸುಮಾರು ಒಂದೂವರೆ ಗೇಣು ದೂರ ಹಿಡಿದು, ಒಂದು ಕಣ್ಣು ಪೂರ್ತಿ ಮುಚ್ಚಿ ಇನ್ನೊಂದರಲ್ಲಿ ಚುಕ್ಕಿ ನೋಡಿಸಿ. ಗೆರೆ ಬಾಗಿದ್ರೆ, ಮನೆ ಮಾಯವಾದ್ರೆ, ಕಪ್ಪು ಕಂಡ್ರೆ ಆವತ್ತೇ ಹೊರಡಿ. ಎರಡೂ ಕಣ್ಣು ತೆರೆದು ನೋಡಿಸಬೇಡಿ, ಒಳ್ಳೇ ಕಣ್ಣು ಕೆಟ್ಟದ್ದನ್ನ ಮುಚ್ಚಿಹಾಕುತ್ತೆ. ನಮ್ಮಲ್ಲಿ ಅಷ್ಟು ದಿನ ತಿಳಿಯದೆ ಹೋದದ್ದು ಹಾಗೇ. ಈಗ ನಮ್ಮ ಫ್ರಿಡ್ಜಿನ ಬಾಗಿಲಿಗೆ ಹಾಳೆ ಅಂಟಿಸಿದ್ದೀನಿ, ಅಮ್ಮ ದಿನಾ ಹಾಲು ತೆಗೆಯೋವಾಗ ನೋಡ್ತಾರೆ.

ಇಂಜೆಕ್ಷನ್ ಅಂದ್ರೆ ದುಡ್ಡಿನ ಹೆದರಿಕೆ ಇರುತ್ತೆ. ಅವಾಸ್ಟಿನ್ ಅನ್ನೋ ಇಂಜೆಕ್ಷನ್ ಉಳಿದವಕ್ಕಿಂತ ಬಹಳ ಅಗ್ಗ. ಲುಸೆಂಟಿಸ್ ಅನ್ನೋ ದುಬಾರಿ ಇಂಜೆಕ್ಷನ್ ಜೊತೆ ಇಟ್ಟು ಹೋಲಿಸಿದ ಅಮೆರಿಕದ ಪ್ರಯೋಗದಲ್ಲಿ, 2011ರಲ್ಲಿ ಬಂದದ್ದು, ಒಂದು ವರ್ಷಕ್ಕೆ ನೋಟ ಹೆಚ್ಚುಕಮ್ಮಿ ಒಂದೇ ಬಂದಿತ್ತು. ಲುಸೆಂಟಿಸ್ ಬಗೆಯದೇ, ನಮ್ಮ ದೇಶದ್ದೇ ರಝುಮ್ಯಾಬ್ ಇದೆ. ದುಬಾರಿಯದ್ದು ಆಗಲ್ಲ ಅಂತ ಬಾಯಿ ಬಿಟ್ಟು ಹೇಳಿ, ಯಾವುದು ಸರಿ ಅಂತ ಅವರೇ ನೋಡ್ತಾರೆ. ನೋವಿನ ಭಯ ಅಮ್ಮನಿಗಿಂತ ನಮಗೇ ಹೆಚ್ಚು, ಮರಗಟ್ಟಿಸೋ ಹನಿ ಹಾಕಿ ಕೊಡ್ತಾರೆ. ಮನೆಗೆ ಬಂದ ಮೇಲೆ ನೋವು ಏರಿ, ಕಣ್ಣು ಕೆಂಪಾಗಿ, ನೋಟ ಇಳಿದ್ರೆ ಮಾತ್ರ ಬೆಳಗಾಗೋತನಕ ಕಾಯಬೇಡಿ.

ಹೋಗೋವಾಗ ಹಳೇ ರಿಪೋರ್ಟು, ಸ್ಯಾಶೆ ಯಾವತ್ತಿಂದ ಎಷ್ಟು ಕೊಟ್ರಿ ಅಂತ ಚೀಟಿ, ಬಿಪಿ ಸಕ್ಕರೆ ಮಾತ್ರೆ ಎಲ್ಲ ಒಂದೇ ಚೀಲದಲ್ಲಿ ಹಾಕಿಕೊಳ್ಳಿ. ಪಾಪೆ ಹಿಗ್ಗಿಸೋ ಹನಿ ಹಾಕಿದ ಮೇಲೆ ಮೂರ್ನಾಲ್ಕು ಗಂಟೆ ಏನೂ ಸರಿ ಕಾಣಲ್ಲ, ಬಿಸಿಲು ಕುಕ್ಕುತ್ತೆ. ಬಸ್ಸಲ್ಲಿ ಒಬ್ಬರನ್ನೇ ಕಳಿಸಬೇಡಿ, ನೀವೇ ಜೊತೆಗೆ ಹೋಗಿ. ಬೆಡ್ಡಿಗೆ ಒಂದಿನ ನೀರು ಕೊಡೋಕೆ ಪಕ್ಕದ ಮನೆಯವ್ರಿಗೆ ಹೇಳಿದ್ರಾಯ್ತು.