ಬೋನ್‌ನಲ್ಲಿ ಊಟದ ಟೇಬಲ್ ಮೇಲೆ ಇಸವಿ ಮಾತು ಯಾಕೆ?

ತಮ್ಮಾ, ಹೊಸದಾಗಿ ಫ್ರಾನ್ಸಿನ ಬರ್ಗಂಡಿ ಸೀಮೆಯ ಬೋನ್‌ಗೆ ಕೆಲಸಕ್ಕೆ ಬಂದಿದ್ದೀಯ, ಮಧ್ಯಾಹ್ನ ಊಟಕ್ಕೆ ಕೂತರೆ ಆಫೀಸಿನವರೆಲ್ಲ ಬಿಳಿ ವೈನಿನ ಇಸವಿ, ಅಂದರೆ ದ್ರಾಕ್ಷಿ ಕಟಾವಾದ ವರ್ಷ, ಹಿಡಿದು ವಾದ ಮಾಡುತ್ತಾರೆ, ಒಂದೇ ಊರಿನ ದ್ರಾಕ್ಷಿಗೆ ಇಷ್ಟೊಂದು ಮಾತು ಯಾಕೆ ಅಂತ ಕೇಳಿದ್ದೀಯಲ್ಲ. ನೀನು ಕುಡಿಯದಿದ್ದರೂ ಪರವಾಗಿಲ್ಲ. ಅವರು ಆಡುವುದು ಮಳೆ ಬೆಳೆಯ ಮಾತೇ.

ನಮ್ಮ ವಿಜಯಪುರದ ಕಡೆ ಬಳ್ಳಿಗೆ ನಿದ್ದೆಯೇ ಇಲ್ಲ, ಏಪ್ರಿಲ್‌ಗೆ ಒಂದು ಚಾಟ್ನಿ (ಬಳ್ಳಿ ಕತ್ತರಿಸುವುದು), ಅಕ್ಟೋಬರ್‌ಗೆ ಇನ್ನೊಂದು. ಇಲ್ಲಿ ಚಳಿಗಾಲ ಪೂರ್ತಿ ಬಳ್ಳಿ ಒಣಕಡ್ಡಿ. ಚಿಗುರು ಬಂದಾಗಲೇ ಎಲ್ಲರಿಗೂ ಭಯ ಶುರು. ಬಿಳಿ ವೈನಿನ ದ್ರಾಕ್ಷಿ ಶಾರ್ಡೊನೇ, ಕೆಂಪು ವೈನಿನ ದ್ರಾಕ್ಷಿ ಪಿನೋ ನ್ವಾರ್‌ಗಿಂತ ಸ್ವಲ್ಪ ಮೊದಲೇ ಚಿಗುರುತ್ತದೆ, ಏಪ್ರಿಲ್ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿದರೆ ಮೊದಲ ಏಟು ಅದಕ್ಕೇ. 2021ರಲ್ಲಿ ಆದದ್ದು ಇದೇ. ಮಾರ್ಚ್ ಕೊನೆಗೆ ಸೆಕೆ, ಏಪ್ರಿಲ್ ಶುರುವಿಗೆ ಕಡು ಚಳಿ. ಸಾಲುಗಳ ನಡುವೆ ಮೇಣದ ಡಬ್ಬಿ ಹಚ್ಚಿದರು. ಬರ್ಗಂಡಿಯ ಉತ್ತರದ ಶಾಬ್ಲಿ ಕಡೆ ನೀರು ಚಿಮ್ಮಿಸುತ್ತಾರೆ, ಅದು ಚಿಗುರಿನ ಮೇಲೆ ಐಸ್ ಆಗುವಾಗ ಬಿಡುವ ಶಾಖವೇ ಚಿಗುರನ್ನು ಕಾಯುತ್ತದೆ. ಆದರೂ ಬಹಳ ಬೆಳೆ ಹೋಯಿತು. ಉಳಿದದ್ದು ತಂಪು ಬೇಸಿಗೆಯಲ್ಲಿ ನಿಧಾನಕ್ಕೆ ಹಣ್ಣಾಯಿತು, ವೈನ್ ತೆಳು, ಹುಳಿ ಚುರುಕು. ನನಗೆ ಅಂಥದ್ದೇ ಇಷ್ಟ, ಆಫೀಸಿನಲ್ಲಿ ಹೇಳಿದರೆ ಅರ್ಧ ಜನ ಒಪ್ಪುವುದಿಲ್ಲ.

ಎಲ್ಲ ನಿಂತಿರುವುದು ಹುಳಿ ಮತ್ತು ಸಿಹಿಯ ಮೇಲೆ. ಬಿಸಿಲು ಏರಿದಷ್ಟೂ ಹಣ್ಣಿನಲ್ಲಿ ಸಕ್ಕರೆ ಜಾಸ್ತಿ, ಹುಳಿ ಕಡಿಮೆ, ರಾತ್ರಿಯೂ ತಂಪಾಗದಿದ್ದರೆ ಹುಳಿ ಇನ್ನೂ ಬೇಗ ಕರಗುತ್ತದೆ. 2003ರ ಸೆಕೆಗೆ ಆಗಸ್ಟ್‌ನಲ್ಲೇ ಕಟಾವು, ಬಿಳಿ ವೈನುಗಳು ಭಾರ, ಸಪ್ಪೆ. 2014ರಲ್ಲಿ ಜೂನ್ ಕೊನೆಗೆ ಇಲ್ಲೇ ಹತ್ತಿರದ ಮೆರ್ಸೋ, ಪೊಮಾರ್ ಹಳ್ಳಿಗಳ ಸುತ್ತ ಆಲಿಕಲ್ಲು ಬಡಿಯಿತು, ಬೇಸಿಗೆಯೂ ತಣ್ಣಗೆ, ಆದರೆ ಸೆಪ್ಟೆಂಬರ್ ಬಿಸಿಲು ಕೈ ಹಿಡಿಯಿತು. ಹಣ್ಣೂ ಮಾಗಿತು, ಹುಳಿಯೂ ಉಳಿಯಿತು. ಆ ವರ್ಷದ ಮೆರ್ಸೋ, ಪ್ಯುಲಿನಿ ವೈನಿನ ಹೆಸರು ಬಂದರೆ ಟೇಬಲ್ ಮೇಲಿನ ಜಗಳ ಅಲ್ಲಿಗೆ ನಿಲ್ಲುತ್ತದೆ. ಹಾಗಂತ ಸೆಕೆಯ ವರ್ಷವೆಲ್ಲ ಕೆಟ್ಟದ್ದು ಅಂದುಕೊಳ್ಳಬೇಡ. 2020ರಲ್ಲೂ ಆಗಸ್ಟ್‌ನಲ್ಲೇ ಕಟಾವು, ಆದರೆ ಹುಳಿ ಚೆನ್ನಾಗಿಯೇ ಇತ್ತು.

ರಜೆ ಹಾಕಿ ಕಟಾವು ನೋಡುವ ಆಸೆ ಇದ್ದರೆ ಹಳೆಯವರು ಹೇಳುವ ಸೆಪ್ಟೆಂಬರ್ ಕೊನೆ ನಂಬಬೇಡ. ಈ ಊರಿನ ಕಟಾವಿನ ದಿನಾಂಕ 1354ರಿಂದಲೂ ಸಿಗುತ್ತದೆ, 1988ರಿಂದೀಚೆಗೆ ಕಟಾವು ಸರಾಸರಿ 13 ದಿನ ಬೇಗ ಆಗುತ್ತಿದೆ. ಆಗಸ್ಟ್ ಕೊನೆಯಲ್ಲೇ ತೋಟದ ಕಡೆ ಒಂದು ಕಣ್ಣಿಡು.

ಯಾರದ್ದಾದರೂ ಮನೆಗೆ ಊಟಕ್ಕೆ ಕರೆದರೆ ಏನು ಒಯ್ಯಲಿ ಅಂತಲೂ ಕೇಳಿದ್ದೆ. ಮೊಂರಾಶೆಯಂಥ ದುಬಾರಿ ಬಿಳಿ ವೈನಿನ ಬೆಲೆ ನೋಡಿ ಸುಮ್ನೆ ಹೆದರಬೇಡ. ಸೆಕೆಯ ವರ್ಷದ ಅಲಿಗೋಟೆ ತಗೋ, ಅದು ಇಲ್ಲಿನ ಇನ್ನೊಂದು ಬಿಳಿ ದ್ರಾಕ್ಷಿಯ ವೈನ್. ಆ ತಳಿಯ ಹುಳಿ ಮೊದಲೇ ಜಾಸ್ತಿ, ಬಿಸಿಲು ಅದಕ್ಕೆ ಒಳ್ಳೆಯದೇ ಮಾಡುತ್ತದೆ, ಬೆಲೆಯೂ ಕಡಿಮೆ.