ಮೊದಲು ಆ ಹಲಗೆಯಿಂದ ಎದ್ದೇಳಿ

ಕುಂಡದ ಮಣ್ಣು ಬದಲಿಸುವಾಗ ಸೊಂಟ ಹಿಡಿದುಕೊಂಡಿತು, ಒಂಬತ್ತು ದಿನದಿಂದ ಹಲಗೆಯ ಮೇಲೆ ಮಲಗಿದ್ದೇನೆ, ರಾತ್ರಿಯೂ ಸೊಂಟದ ಬೆಲ್ಟ್ ಬಿಚ್ಚಿಲ್ಲ ಎಂದು ನೀವು ಬರೆದದ್ದನ್ನು ಓದಿ ಸುಮ್ಮನಿರಲಾಗಲಿಲ್ಲ. ಇದೇ ತಪ್ಪನ್ನು ನಾನೂ ಮಾಡಿದ್ದೇನೆ, ಅದೂ 22 ದಿನ.

ತುಂಬಿದ ಕುಂಡವನ್ನು ಕೈ ಚಾಚಿ ಹಿಡಿದು, ಎತ್ತುತ್ತಲೇ ಪಕ್ಕಕ್ಕೆ ತಿರುಗಿದ್ದೆ. ಚಳುಕು ಹೊಡೆಯಿತು. ಅಲುಗಾಡಿದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಜಾರುತ್ತದೆ ಎಂಬ ಭಯಕ್ಕೆ ಮಲಗಿದವನು ಊಟಕ್ಕೂ ಏಳಲಿಲ್ಲ. ಎರಡು ದಿನ ಹಿತವಾಗಿತ್ತು. ಆಮೇಲೆ ಇಡೀ ಬೆನ್ನು ಮರಗಟ್ಟಿತು, ತೊಡೆಗಳು ಸೊರಗಿದವು, ಎದ್ದು ನಿಂತರೆ ಕಾಲು ನಡುಗುತ್ತಿತ್ತು. ಕೊನೆಗೆ ಫಿಸಿಯೋಥೆರಪಿಸ್ಟ್ ಬಂದು ಗದರಿಸಿ ಎಬ್ಬಿಸಿ, ಕೋಣೆಯೊಳಗೇ ಐದು ನಿಮಿಷ ನಡೆಸಿದರು. ಗಂಟೆಗೊಮ್ಮೆ ಐದು ನಿಮಿಷ. ವಾರ ಕಳೆದ ಮೇಲೆ ಹತ್ತು. ನನ್ನನ್ನು ಮತ್ತೆ ಗಿಡಗಳ ಬಳಿ ತಂದದ್ದು ಆ ನಡಿಗೆ, ಎಣ್ಣೆಯೂ ಅಲ್ಲ, ಸ್ಪ್ರೇಯೂ ಅಲ್ಲ. ನಡೆಯುವಾಗ ಸ್ವಲ್ಪ ನೋವಾಗುತ್ತದೆ, ಆಗಲಿ. ಆದರೆ ನೋವು ಸೊಂಟ ಬಿಟ್ಟು ಕಾಲಿಗೆ ಇಳಿಯತೊಡಗಿದರೆ ನಿಲ್ಲಿಸಿ.

ಎಲ್4-ಎಲ್5, ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವಿನ ಡಿಸ್ಕ್, ಉಬ್ಬಿದೆ ಎಂಬ ಎಂಆರ್‌ಐ ವರದಿಯನ್ನು ದಿನಕ್ಕೆ ಹತ್ತು ಸಲ ಓದಬೇಡಿ. ಬೆನ್ನು ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ 2015ರ ಅಧ್ಯಯನದಲ್ಲಿ, 20ರ ವಯಸ್ಸಿನವರಲ್ಲಿ ಸುಮಾರು ಶೇ 30, 50ರವರಲ್ಲಿ ಶೇ 60 ಮಂದಿಗೆ ಇಂಥ ಉಬ್ಬು ಇತ್ತು. ಹಾಗೆಂದು ಎಲ್ಲವನ್ನೂ ಹಗುರವಾಗಿ ಕಾಣಬೇಡಿ. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಒಳತೊಡೆ ಮತ್ತು ಗುದದ ಸುತ್ತ ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಬಿದ್ದು ಪೆಟ್ಟಾದದ್ದು, ಮೂಳೆ ಸವೆತ, ಬಹುಕಾಲ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡದ್ದು, ಇವುಗಳಲ್ಲಿ ಒಂದಿದ್ದರೂ ವೈದ್ಯರಿಗೆ ತಿಳಿಸಿ. ನನ್ನ ಮಾತು ಅಲ್ಲಿ ನಡೆಯುವುದಿಲ್ಲ.

ತಪ್ಪನ್ನೆಲ್ಲ ಆ ಒಂದು ಕುಂಡದ ಮೇಲೆ ಹಾಕಬೇಡಿ. ವಾರವಿಡೀ ಕುರ್ಚಿಗೆ ಅಂಟಿ ಕುಳಿತು, ರಜೆಯ ದಿನ ಒಂದೇ ಉಸಿರಿಗೆ ಇಪ್ಪತ್ತು ಕುಂಡ ಎತ್ತುವ ನಮ್ಮಂಥವರ ಸೊಂಟ ಮೊದಲೇ ಸೋತಿರುತ್ತದೆ. ಹೊಟ್ಟೆಯ ತೂಕ, ನಿದ್ದೆಗೇಡು, ಮನಸ್ಸಿನ ಚಿಂತೆ ಎಲ್ಲವೂ ಸೇರುತ್ತವೆ. ಸಿಗರೇಟು ಸೇದುವವರಾದರೆ ಇಂದೇ ಬಿಡಿ: ಡಿಸ್ಕ್‌ಗೆ ಸ್ವಂತ ರಕ್ತನಾಳಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಅಕ್ಕಪಕ್ಕದ ಮೂಳೆಯಿಂದ ಜಿನುಗಿ ಬರುವುದೇ ಅದಕ್ಕೆ ಆಹಾರ, ಹೊಗೆ ಅದನ್ನೂ ಕಡಿಮೆ ಮಾಡುತ್ತದೆ. ದಿನಗಟ್ಟಲೆ ಟ್ರ್ಯಾಕ್ಟರ್, ಲಾರಿ ಓಡಿಸುವವರಿಗೆ ಅದುರಾಟವೇ ಶತ್ರು.

ಬೆಲ್ಟನ್ನು ತೀರಾ ಬೇಕೆನಿಸಿದಾಗ ಒಂದೆರಡು ಗಂಟೆ ಕಟ್ಟಿಕೊಳ್ಳಿ, ಮಲಗುವಾಗ ಖಂಡಿತ ಬೇಡ. ದುಬಾರಿ ಬೆಲ್ಟಿಗೂ ಸಾಮಾನ್ಯ ಬೆಲ್ಟಿಗೂ ನನಗೆ ವ್ಯತ್ಯಾಸವೇ ಕಾಣಲಿಲ್ಲ. 'ಆರ್ಥೋಪೆಡಿಕ್' ಎಂದು ಮುದ್ರಿಸಿದ ಕಲ್ಲಿನಂಥ ಹಾಸಿಗೆಗೂ ಹಣ ಸುರಿಯಬೇಡಿ. 2003ರಲ್ಲಿ ಹಳೆಯ ಸೊಂಟ ನೋವಿನವರ ಮೇಲೆ ನಡೆದ ಪ್ರಯೋಗದಲ್ಲಿ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದ್ದೇ ಹೆಚ್ಚು ನೆಮ್ಮದಿ ಕೊಟ್ಟಿತು. ಹಲಗೆಯ ಮಾತಂತೂ ಎತ್ತಲೇಬೇಡಿ! ಮೊಣಕಾಲಿನ ಕೆಳಗೊಂದು ದಿಂಬಿಟ್ಟು ಮಲಗಿ, ಬಿಸಿನೀರಿನ ಚೀಲದ ಶಾಖ ಕೊಡಿ. ನೋವಿನ ಮಾತ್ರೆಯನ್ನು ಕೇಳದೆ ವಾರಗಟ್ಟಲೆ ನುಂಗಬೇಡಿ, ಹೊಟ್ಟೆಗೂ ಮೂತ್ರಪಿಂಡಕ್ಕೂ ಪೆಟ್ಟು.

ಇನ್ನೊಂದು, ಎದ್ದ ತಕ್ಷಣ ಕಳೆ ಕೀಳಲು ಬಗ್ಗಬೇಡಿ. ರಾತ್ರಿ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ, ಬಗ್ಗಿದರೆ ಒತ್ತಡ ಹೆಚ್ಚು. ಗಂಟೆ ಕಳೆಯಲಿ, ಅಷ್ಟರಲ್ಲಿ ಗಿಡಗಳಿಗೆ ನೀರು ಹಾಕಿ. ದೊಡ್ಡ ಕುಂಡಗಳನ್ನು ಚಕ್ರದ ಹಲಗೆಯ ಮೇಲಿಟ್ಟುಬಿಡಿ. ಮಣ್ಣನ್ನು ಚೀಲದ ಸಮೇತ ಎತ್ತದೆ ಬಕೆಟಿನಲ್ಲಿ ಅರ್ಧರ್ಧ ತುಂಬಿ, ಎದೆಗೆ ಹತ್ತಿರ ಹಿಡಿದು ಸಾಗಿಸಿ. ತಿರುಗಬೇಕಾದಾಗ ಸೊಂಟವನ್ನಲ್ಲ, ಪಾದಗಳನ್ನು ತಿರುಗಿಸಿ. ಈ ವಾರವಂತೂ ಮಣ್ಣು ಸಾಗಿಸುವುದೂ ಬೇಡ. ಇವತ್ತು ಎಷ್ಟು ನಿಮಿಷ ನಡೆದಿರಿ ಎಂದು ಸಂಜೆ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.